ಮೀಟರಿಗೊಂದು ಡಾಲರ್

ದುಡ್ಡು ಕೇಳುವವರ ಬಗ್ಗೆ ನಮ್ಮಲ್ಲಿ ಕಥೆಗಳು ಬೇಕಾದಷ್ಟಿವೆ, ಕೊಡುವವರ ಬಗ್ಗೆ ಕಡಿಮೆ. ಅದರಲ್ಲೂ ಅನುದಾನ ಕೊಡುವವರಿದ್ದಾರಲ್ಲ, ಅವರ ಮುಖವನ್ನು ಯಾರಾದರೂ ನೋಡಿದ್ದೀರಾ? ಅರ್ಜಿ ಒಳಗೆ ಹೋಗುತ್ತದೆ, ಜೆರಾಕ್ಸ್ ಪ್ರತಿ ಕೇಳುತ್ತಾರೆ, ಗೆಜೆಟೆಡ್ ಅಧಿಕಾರಿಯ ಸಹಿ ಕೇಳುತ್ತಾರೆ, ಆಮೇಲೆ ಬಾಗಿಲ ಆಚೆ ಏನು ನಡೆಯುತ್ತದೋ ದೇವರೇ ಬಲ್ಲ. ಹಾಗಿರುವಾಗ ಅಂಥ ಒಂದು ಯೋಜನೆಯ ಮುಂದಾಳು ಒಬ್ಬ ಓಟಗಾರ ಎಂದು ತಿಳಿದು ನನಗೆ ಖುಷಿಯೇ ಆಯಿತು. ಅರ್ಜಿದಾರರು ಬೆನ್ನು ಹತ್ತಿದರೆ ಪಾರಾಗಲು ಇದಕ್ಕಿಂತ ದೊಡ್ಡ ಅರ್ಹತೆ ಬೇಕೆ?

ಹೆಸರು ಬಿಲ್ಲಿ ಮಿಲ್ಸ್. ಅಮೆರಿಕದ ಸೌತ್ ಡಕೋಟಾದಲ್ಲಿ ಪೈನ್ ರಿಡ್ಜ್ ಅಂತ ಮೂಲನಿವಾಸಿಗಳ ಮೀಸಲು ಪ್ರದೇಶವಿದೆ. ಅಲ್ಲಿನ ಒಗ್ಲಾಲಾ ಲಕೋಟಾ ಜನ ಇವರು. ಹುಟ್ಟಿದ್ದು 1938ರಲ್ಲಿ. ಹನ್ನೆರಡು ವರ್ಷವಾಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸಿನ 10,000 ಮೀಟರ್ ಓಟದಲ್ಲಿ ಚಿನ್ನ. 1986ರಲ್ಲಿ ‘ರನ್ನಿಂಗ್ ಸ್ಟ್ರಾಂಗ್ ಫಾರ್ ಅಮೆರಿಕನ್ ಇಂಡಿಯನ್ ಯೂತ್’ ಎಂಬ ಸಂಸ್ಥೆ ಕಟ್ಟಲು ಕೈ ಜೋಡಿಸಿದರು. ಓಟಕ್ಕೆ ಐವತ್ತು ವರ್ಷ ತುಂಬಿದಾಗ, 2014ರಲ್ಲಿ, ಆ ಸಂಸ್ಥೆ ‘ಡ್ರೀಮ್‌ಸ್ಟಾರ್ಟರ್’ ಎಂಬ ಅನುದಾನ ಶುರುಮಾಡಿತು. ಮೂವತ್ತರೊಳಗಿನ ಮೂಲನಿವಾಸಿ ಹುಡುಗ ಹುಡುಗಿಯರು ತಮ್ಮ ಊರಿಗೆ ಏನು ಮಾಡಬೇಕೆಂದು ಕನಸು ಕಂಡಿದ್ದಾರೋ ಅದಕ್ಕೆ ಆಗ ತಲಾ 10,000 ಡಾಲರ್. ಗಮನಿಸಿದಿರಾ? ಓಡಿದ್ದು ಹತ್ತು ಸಾವಿರ ಮೀಟರ್, ಕೊಡತೊಡಗಿದ್ದು ಹತ್ತು ಸಾವಿರ ಡಾಲರ್. ಬೇಕೆಂದೇ ಹಾಗೆ ಇಟ್ಟರೋ, ತಾನಾಗಿ ಕೂಡಿ ಬಂತೋ, ನಾನಂತೂ ಮೀಟರಿಗೊಂದು ಡಾಲರ್ ಅಂತಲೇ ಲೆಕ್ಕ ಹಾಕಿಕೊಂಡಿದ್ದೇನೆ. ನೂರು ಮೀಟರ್ ಓಟಗಾರರು ಇಂಥ ಯೋಜನೆ ತೆಗೆಯದಿರುವುದೇ ವಾಸಿ.

ಇನ್ನೊಂದು ಷರತ್ತಿದೆ. ಕನಸು ಕಂಡವರು ಒಬ್ಬಂಟಿಯಾಗಿ ಬಂದು ದುಡ್ಡು ಎಣಿಸಿಕೊಂಡು ಹೋಗುವಂತಿಲ್ಲ. ಊರಿನ ಸೇವಾಸಂಸ್ಥೆಯೊಂದು ಜೊತೆಗೆ ನಿಂತು ದಾರಿ ತೋರಿಸಬೇಕು. ಉತ್ಸಾಹ ಹುಡುಗರದು, ರಸೀದಿ ಪುಸ್ತಕ ಹಿರಿಯರದು. ಈ ಏರ್ಪಾಟು ಮಾಡಿದವರಿಗೆ ಎರಡೂ ಕಡೆಯ ಸ್ವಭಾವ ಚೆನ್ನಾಗಿ ಗೊತ್ತಿರಬೇಕು.

ಆ ಓಟದ ಕಥೆ ಹೇಳದೆ ಮುಂದೆ ಹೋದರೆ ಪಾಪ ಬರುತ್ತದೆ. ಅಂದು ಗೆಲ್ಲಬೇಕಾಗಿದ್ದವರು ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್, ವಿಶ್ವದಾಖಲೆಯ ಒಡೆಯ. ಮಿಲ್ಸ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಇಪ್ಪತ್ತೈದು ಸುತ್ತು. ಕೊನೆಯ ಸುತ್ತು ಬರುವ ಹೊತ್ತಿಗೆ ಹಿಂದುಳಿದವರೆಲ್ಲ ದಾರಿಗೆ ಅಡ್ಡ ಸಿಕ್ಕಿ, ಟ್ರ್ಯಾಕ್ ಸಂತೆಬೀದಿಯ ಹಾಗಾಗಿಬಿಟ್ಟಿತ್ತು. ಕ್ಲಾರ್ಕ್ ಮಿಲ್ಸರನ್ನು ಪಕ್ಕಕ್ಕೆ ದೂಡಿದರು. ಟ್ಯುನೀಷಿಯಾದ ಮೊಹಮ್ಮದ್ ಗಮ್ಮೂದಿ ಇಬ್ಬರ ನಡುವೆ ನುಗ್ಗಿ ಮುಂದೆ ಹೋದರು. ಮಿಲ್ಸ್ ಮುಗಿದೇಹೋದರು ಅಂದುಕೊಳ್ಳುವಾಗಲೇ ಹೊರಗಿನ ಸಾಲಿನಿಂದ ಬಂದು, ಇಬ್ಬರನ್ನೂ ದಾಟಿ, 28 ನಿಮಿಷ 24.4 ಸೆಕೆಂಡಿಗೆ ಗೆರೆ ಮುಟ್ಟಿದರು. ಒಲಿಂಪಿಕ್ ದಾಖಲೆ. ಅದುವರೆಗಿನ ಅವರ ಅತ್ಯುತ್ತಮ ಓಟಕ್ಕಿಂತ ಮುಕ್ಕಾಲು ನಿಮಿಷದಷ್ಟು ಬೇಗ! ಟೀವಿಯಲ್ಲಿ ವಿವರಣೆ ಕೊಡಲು ಕೂತಿದ್ದ ಡಿಕ್ ಬ್ಯಾಂಕ್ ತಡೆಯಲಾರದೆ ‘ಮಿಲ್ಸ್‌ನ ನೋಡಿ, ಮಿಲ್ಸ್‌ನ ನೋಡಿ’ ಅಂತ ಕೂಗಿಬಿಟ್ಟರು. ಮುಖ್ಯ ವೀಕ್ಷಕ ವಿವರಣೆಗಾರ ಬೇರೆಯವರಿದ್ದರು, ನಡುವೆ ಬಾಯಿ ಹಾಕಿದ್ದಕ್ಕೆ ಬ್ಯಾಂಕ್ ಅವರ ಕೆಲಸವೇ ಹೋಯಿತಂತೆ. ಸರಿಯಾದ ಕಡೆ ನೋಡಿ ಎಂದವನ ಪಾಡು ಎಲ್ಲ ದೇಶದಲ್ಲೂ ಇದೇ ಏನೋ.

ಗೆದ್ದ ಮೇಲೆ ಜಪಾನಿ ಅಧಿಕಾರಿಯೊಬ್ಬರು ಓಡಿ ಬಂದು ‘ನೀವು ಯಾರು?’ ಅಂತ ಕೇಳಿದರು. ಮಿಲ್ಸರಿಗೆ ಎದೆ ಧಸಕ್ಕೆಂದಿತು, ಸುತ್ತು ಎಣಿಸಿದ್ದು ತಪ್ಪಾಯಿತೇನೋ, ಇನ್ನೂ ಒಂದು ಬಾಕಿ ಇದೆಯೇನೋ ಅಂತ. ಈಗ ಯೋಚಿಸಿ, ಎಲ್ಲ ಅರ್ಜಿ ನಮೂನೆಯಲ್ಲೂ ಮೊದಲ ಪ್ರಶ್ನೆ ಇದೇ ತಾನೆ? ಚಿನ್ನ ಗೆದ್ದವರೇ ಆ ಪ್ರಶ್ನೆಗೆ ಹೆದರಿದ್ದರೆ ಹಳ್ಳಿಯ ಹುಡುಗಿ ಪೆನ್ನು ಕಚ್ಚುತ್ತ ಕೂತರೆ ಏನು ಆಶ್ಚರ್ಯ? ಅದಕ್ಕೂ ಮೊದಲು, ಕಾಲೇಜು ದಿನಗಳಲ್ಲಿ, ಗೆದ್ದ ಓಟಗಾರರ ಫೋಟೊ ತೆಗೆಯುವಾಗ ಮಿಲ್ಸರೊಬ್ಬರನ್ನು ಪಕ್ಕಕ್ಕೆ ಸರಿಯಲು ಹೇಳಿದ್ದರಂತೆ, ಮೈಬಣ್ಣದ ಕಾರಣಕ್ಕೆ. ಅವರೇ ಹೇಳಿಕೊಂಡದ್ದು.

ಲಕೋಟಾ ಜನರಲ್ಲಿ ಒಂದು ಪದ್ಧತಿಯುಂಟು. ಯಾರಿಗೆ ಗೌರವ ಸಂದಿತೋ ಅವರು ಊರವರಿಗೆ ಉಡುಗೊರೆ ಹಂಚಬೇಕು. ನಮ್ಮಲ್ಲಾದರೆ ಸನ್ಮಾನಿತರು ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಎರಡು ಕೈಯಲ್ಲಿ ಹಿಡಿಯಲಾರದ ಫಲಕ ಎಲ್ಲ ಹೊತ್ತುಕೊಂಡು ಆಟೊ ಹುಡುಕುತ್ತಾರೆ. ಅಲ್ಲಿ ಸನ್ಮಾನಿತರ ಜೇಬೇ ಹಗುರ. ಈ ನಿಯಮ ಇಲ್ಲಿಗೂ ಬಂದರೆ ನಮ್ಮ ಎಷ್ಟು ಅಭಿನಂದನಾ ಸಮಿತಿಗಳು ಉಳಿದಾವು ಅಂತೀರಿ? ಮಿಲ್ಸ್ ತಮ್ಮ ಕೆಲಸವನ್ನೆಲ್ಲ ಆ ಪದ್ಧತಿಯ ಲೆಕ್ಕಕ್ಕೇ ಬರೆಯುತ್ತಾರೆ. ಗೆದ್ದೆ, ಆದ್ದರಿಂದ ಹಂಚಬೇಕು, ಅಷ್ಟೇ.

ಕೊಡುವವರೆಲ್ಲರೂ ಓಟಗಾರರೇ ಆಗಬೇಕಿಲ್ಲವೆನ್ನಿ. ಪಕ್ಕದ ನಾರ್ತ್ ಡಕೋಟಾದಲ್ಲಿ ಬೈರನ್ ಡಾರ್ಗನ್ ಅಂತ ಸೆನೆಟರ್ ಇದ್ದರು, ಮೂಲನಿವಾಸಿಗಳ ವ್ಯವಹಾರ ನೋಡುವ ಸೆನೆಟ್ ಸಮಿತಿಯ ಅಧ್ಯಕ್ಷರಾಗಿದ್ದವರು. ಸ್ಪರ್ಧೆ ಸಾಕು ಅಂತ ನಿವೃತ್ತರಾದಾಗ ಪ್ರಚಾರ ನಿಧಿಯಲ್ಲಿ ದುಡ್ಡು ಉಳಿದಿತ್ತು. ನಿಲ್ಲಿ, ನಗಬೇಡಿ. ಚುನಾವಣೆ ದುಡ್ಡು ಉಳಿಯಿತು ಅಂತಲೇ ಹೇಳುತ್ತಿದ್ದೇನೆ. ಉಳಿದದ್ದರಲ್ಲಿ ಹತ್ತು ಲಕ್ಷ ಡಾಲರ್ ಹಾಕಿ 2011ರಲ್ಲಿ ಮೂಲನಿವಾಸಿ ಯುವಜನರಿಗಾಗಿ ಒಂದು ಕೇಂದ್ರವನ್ನೇ ತೆರೆದರು, ಆಸ್ಪೆನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಆಶ್ರಯದಲ್ಲಿ. ನಮ್ಮ ಕಡೆ ಚುನಾವಣೆ ಮುಗಿದ ಮೇಲೆ ಉಳಿಯುವುದು ಪೆಂಡಾಲಿನವರ ಬಾಕಿ. ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ ಕೂಡ 2014ರಲ್ಲಿ ಸ್ಟ್ಯಾಂಡಿಂಗ್ ರಾಕ್ ಎಂಬ ಮೀಸಲು ಪ್ರದೇಶಕ್ಕೆ ಹೋಗಿ, ಅಲ್ಲಿನ ಹುಡುಗರ ಮಾತು ಕೇಳಿ ಬಂದು, ಅದೇ ವರ್ಷ ಒಂದು ಯುವ ಯೋಜನೆ ಘೋಷಿಸಿದರು. ಅಧ್ಯಕ್ಷರು ಘೋಷಿಸುವುದರಲ್ಲಿ ಅಂಥ ಸ್ವಾರಸ್ಯವೇನೂ ಇಲ್ಲ, ಅದು ಅವರ ಕೆಲಸ. ಉಳಿದ ದುಡ್ಡಿನ ಕಥೆಗೆ ಅದು ಸಮ ಬರುವುದಿಲ್ಲ.

ಅನುದಾನಕ್ಕೆ ಸೇವಾಸಂಸ್ಥೆ ಜೊತೆಗೆ ನಿಲ್ಲಬೇಕು ಅಂದೆನಲ್ಲ, ಆ ಪಾಲುದಾರಿಕೆ ಮಿಲ್ಸರಿಗೆ ಓಟದಲ್ಲೇ ಅಭ್ಯಾಸವಾಗಿತ್ತು. 1965ರಲ್ಲಿ ಆರು ಮೈಲಿಯ ಓಟ. ಜೊತೆಗೆ ಓಡಿದವನು ಗೆರ್ರಿ ಲಿಂಡ್‌ಗ್ರೆನ್ ಎಂಬ ಹತ್ತೊಂಬತ್ತರ ಹುಡುಗ. ಟೋಕಿಯೊದಲ್ಲೂ ಓಡಿದ್ದ, ಕಾಲು ಉಳುಕಿ ಹಿಂದುಳಿದಿದ್ದ. ಈ ಸಲ ಇಬ್ಬರೂ ಒಟ್ಟಿಗೇ ಬಂದರು. ಇಬ್ಬರಿಗೂ 27 ನಿಮಿಷ 11.6 ಸೆಕೆಂಡ್, ಇಬ್ಬರ ಹೆಸರಿಗೂ ವಿಶ್ವದಾಖಲೆ. ಗೆದ್ದವರು ಮಾತ್ರ ಮಿಲ್ಸ್ ಎಂದು ತೀರ್ಪಾಯಿತು. ಒಂದೇ ಸಮಯವಾದರೆ ತೀರ್ಪು ಹೇಗೆ ಅಂತೀರಾ? ಓಟದಲ್ಲಿ ಗೆರೆ ಮುಟ್ಟಿದ ಲೆಕ್ಕ ಮುಂಡಕ್ಕೆ ಮಾತ್ರ. ತಲೆ, ಕುತ್ತಿಗೆ, ಕೈ ಯಾವುದೂ ಲೆಕ್ಕಕ್ಕಿಲ್ಲ. ಅಷ್ಟು ದೂರ ಓಡಿ ಬಂದ ಕಾಲೂ ಇಲ್ಲ! ಹೊಟ್ಟೆ ಮಾತ್ರ ಲೆಕ್ಕಕ್ಕುಂಟು. ಈ ವಯಸ್ಸಿನಲ್ಲಿ ನನಗೂ ಒಂದು ಅವಕಾಶ ಇದ್ದ ಹಾಗಾಯಿತು.