ತುಟಿಯೇ ಪೀಪಿ

ಡಿಸೆಂಬರ್ ಮಧ್ಯದಿಂದ ಜನವರಿ 14ರ ಉತ್ತರಾಯಣದವರೆಗೆ ಉಧ್ನಾದ ಮದುವೆ ಬ್ಯಾಂಡಿನವರಿಗೆ ಹೆಚ್ಚುಕಡಿಮೆ ಕೆಲಸವಿಲ್ಲ. ನಾವು ಧನುರ್ಮಾಸ ಅನ್ನುವುದನ್ನು ಗುಜರಾತಿಗಳು ಕಮುರ್ತಾ ಅನ್ನುತ್ತಾರೆ. ಆಗ ಮದುವೆ ಮಾಡುವುದಿಲ್ಲ. ನಮ್ಮ ಗಲ್ಲಿಯಲ್ಲೊಬ್ಬರು ಟ್ರಂಪೆಟ್ ನುಡಿಸುವವರಿದ್ದಾರೆ, ಖಾನ್‌ದೇಶದ ಕಡೆಯ ಮರಾಠಿಯವರು. ಕಳೆದ ಸಲದ ಆ ಬಿಡುವಿನಲ್ಲಿ ಮೌತ್‌ಪೀಸುಗಳ ಪಟ್ಟಿಯೊಂದನ್ನು ಹಿಡಿದು ಮನೆಗೆ ಬಂದರು. ಅನುವಾದ ಮಾಡುವವಳಿಗೆ ಇಂಗ್ಲಿಷಿನಲ್ಲಿರುವುದೆಲ್ಲ ಗೊತ್ತಿರುತ್ತದೆ ಎಂಬುದು ಗಲ್ಲಿಯ ನಂಬಿಕೆ.

"ತಾಈ, ಮೇಲಿನ ಸ್ವರ ಯಾವುದರಲ್ಲಿ ಬರುತ್ತೆ, ಅಷ್ಟು ನೋಡಿ ಹೇಳಿ."

(ಮರಾಠಿಯ ತಾಈ ಅಂದರೆ ಅಕ್ಕ. ಕನ್ನಡದ ಕಿವಿಗೆ ಅದು ಈಗಲೂ ತಾಯಿ ಎಂದೇ ಬೀಳುತ್ತದೆ.)

ಅವರಿಗೆ ನಲವತ್ತೈದು ದಾಟಿದೆ. ವರಘೋಡಾ, ಅಂದರೆ ವರನ ಮೆರವಣಿಗೆ, ಎರಡು ತಾಸು ಮುಗಿಯುವಷ್ಟರಲ್ಲಿ ಮೇಲಿನ ಸ್ವರ ಒಡೆಯತೊಡಗಿತ್ತು. ಹೀಗೇ ಆದರೆ ಮಾಸ್ತರು ಮುಂದಿನ ಸಾಲನ್ನು ಹುಡುಗನೊಬ್ಬನಿಗೆ ಕೊಡುತ್ತಾರೆ. ಮುಂದಿನ ಸಾಲಿನವರ ಕೂಲಿಯೇ ಬೇರೆ.

ಪಟ್ಟಿ ನೋಡಿದರೆ ಭಾಷಾಶಾಸ್ತ್ರದ ತರಗತಿಯೇ ನೆನಪಾಯಿತು. 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸ್ ಮಾಡಲು ಶುರು ಮಾಡಿದ ವಿನ್ಸೆಂಟ್ ಬಾಕ್‌ನ ಲೆಕ್ಕದಲ್ಲಿ ಅಂಕಿ ಚಿಕ್ಕದಾದಷ್ಟೂ ಬಟ್ಟಲು ಅಗಲ. ಶಿಕಾಗೋದ ಶಿಲ್ಕಿ ಮತ್ತು ಜಪಾನಿನ ಯಮಹಾ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ಅಗಲ. ಬಾಕ್‌ನಲ್ಲಿ 'ಎ' ಎಂದರೆ ತೀರಾ ಆಳದ ಬಟ್ಟಲು, 'ಇ' ಎಂದರೆ ತಟ್ಟೆಯಂಥದ್ದು. ಯಮಹಾದಲ್ಲಿ 'ಎ'ಯೇ ತಟ್ಟೆ. ಚಿಹ್ನೆಗೂ ಅರ್ಥಕ್ಕೂ ಸಹಜ ನಂಟಿಲ್ಲ ಎಂದು ಸೊಸ್ಯೂರ್ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಮೇಷ್ಟ್ರಿಗೂ ಸಿಕ್ಕಿರಲಿಲ್ಲ. ಅವರ ಹತ್ತಿರ ಇದ್ದದ್ದು ಮೀರಠ್‌ನಲ್ಲಿ ಮಾಡಿದ ಟ್ರಂಪೆಟ್, ಅದರೊಂದಿಗೇ ಬಂದ ಮೌತ್‌ಪೀಸ್. ಅದರ ಮೇಲೆ ಅಂಕಿಯೂ ಇಲ್ಲ, ಅಕ್ಷರವೂ ಇಲ್ಲ.

ತಟ್ಟೆಯಂಥ ಬಟ್ಟಲು ಮೇಲಿನ ಸ್ವರ ಕೊಡುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಅರ್ಧ ನಿಜ. ನಾಗಸ್ವರದಲ್ಲಿ ನಡುಗುವುದು ಬಾಯಿಗಿಟ್ಟುಕೊಳ್ಳುವ ಪೀಪಿ. ಟ್ರಂಪೆಟ್ಟಿನಲ್ಲಿ ತುಟಿಯೇ ಪೀಪಿ. ಸ್ವರವನ್ನು ಮೇಲೇರಿಸುವುದು ತುಟಿಯ ಬಿಗಿ ಮತ್ತು ಉಸಿರಿನ ಒತ್ತಡ. ಬಟ್ಟಲು ಅದಕ್ಕೆ ಸ್ವಲ್ಪ ಕೈಕೊಡುತ್ತದೆ, ಅಷ್ಟೆ. ಬಟ್ಟಲು ಕಿರಿದಾದರೆ ಮೇಲಿನ ಅನುಸ್ವರಗಳು ಎದ್ದು ಕೇಳುತ್ತವೆ, ನಾದ ಚೂಪಾಗುತ್ತದೆ, ಹಿಂದೆ ಬರುವ ಡಿಜೆ ಗಾಡಿಯ ಗದ್ದಲವನ್ನೂ ಸೀಳುತ್ತದೆ. ಆದರೆ ಹೊತ್ತು ಕಳೆದಂತೆ ತುಟಿ ಊದಿಕೊಳ್ಳುತ್ತದೆ. ಊದಿದ ತುಟಿ ಬಟ್ಟಲಿನ ತಳಕ್ಕೆ ತಾಗಿದರೆ ನಾದ ಅಲ್ಲಿಗೇ ನಿಂತಿತು. ಕೆಳಗಿನ ಸ್ವರಗಳೂ ಡಬ್ಬಿಯೊಳಗಿಂದ ಬಂದಂತಾಗುತ್ತವೆ.

ಕೆಳಗಿನ ಸ್ವರ ಅವರಿಗೆ ಸಣ್ಣ ವಿಷಯವಲ್ಲ. ಮೆರವಣಿಗೆಗೆ ಚೂಪು ನಾದ ಸಾಕು. ಹೆಣ್ಣನ್ನು ಕಳಿಸಿಕೊಡುವಾಗಿನ ಬಿದಾಯಿಗೆ ನಿಧಾನದ, ತುಂಬಿದ ನಾದವೇ ಬೇಕು. ಬೆಳಗಿನಿಂದ ದುಡಿದು ಹಣ್ಣಾದ ತುಟಿಯಿಂದಲೇ ಅದನ್ನು ತೆಗೆಯಬೇಕು. ಹೆಣ್ಣಿನ ಕಡೆಯವರು ಬಕ್ಷೀಸು ಕೊಡುವುದೂ ಆಗಲೇ.

ಇಬ್ಬರೂ ಕೂತು ಒಂದು ಏರ್ಪಾಡು ಮಾಡಿಕೊಂಡೆವು. ಬಾಕ್ 7ಸಿ ಒಂದು, ಯಾರದೋ ಹತ್ತಿರ ಎರವಲು ತಂದ ತಟ್ಟೆ ಬಟ್ಟಲು ಇನ್ನೊಂದು. ದಿನ ಬಿಟ್ಟು ದಿನವಲ್ಲ. ಒಂದೊಂದಕ್ಕೆ ಪೂರಾ ಹತ್ತು ದಿನ. ಹೊಸದು ಮೊದಲ ದಿನ ಎಲ್ಲರಿಗೂ ಚೆನ್ನಾಗಿಯೇ ಅನಿಸುತ್ತದೆ. ಪ್ರತಿ ಸಲವೂ ಮುಕ್ಕಾಲು ತಾಸು ಊದಿದ ಮೇಲೆ ಬಿದಾಯಿಯ ಹಾಡು. ಅದನ್ನು ಫೋನಿನಲ್ಲಿ ಹಿಡಿದಿಡುವುದು ನನ್ನ ಕೆಲಸ.

ನಡುವೆ, ಮಗ್ಗದ ಬಿಡಿಭಾಗ ತಿರುಗಿಸುವ ಲೇತಿನ ಗೆಳೆಯರೊಬ್ಬರು ಹಳೆಯ ಮೌತ್‌ಪೀಸಿನ ಗಂಟಲನ್ನು ಕೊರೆದು ಅಗಲ ಮಾಡಿಕೊಡುತ್ತೇನೆ ಅಂದರು. ಬಾಕ್‌ನ ಸಾಮಾನ್ಯ ಗಂಟಲು 3.66 ಮಿಲಿಮೀಟರ್. ಅಗಲ ಮಾಡಿದರೆ ಉಸಿರು ಸಲೀಸಾಗಿ ಹೋಗುತ್ತದೆ, ಮೇಲಿನ ಸ್ವರ ಹಿಡಿದು ನಿಲ್ಲಿಸುವುದು ಕಷ್ಟವಾಗುತ್ತದೆ. ಕೊರೆದ ಹಿತ್ತಾಳೆಯನ್ನು ಮತ್ತೆ ತುಂಬಲು ಬರುವುದಿಲ್ಲ. "ಬೇಡ ಭಾವು" ಅಂದೆ.

ತಟ್ಟೆ ಬಟ್ಟಲು ಮೊದಲ ಹತ್ತು ನಿಮಿಷ ಸೊಗಸಾಗಿ ಕೂಗಿತು. ಅರ್ಧ ತಾಸಿಗೆ ನಾದ ಕಡಿದು ಕಡಿದು ಬರತೊಡಗಿತು. 7ಸಿಯಲ್ಲಿ ಮೇಲಿನ ಸ್ವರ ಸುಲಭವಾಗಲಿಲ್ಲ, ಆದರೆ ಮುಕ್ಕಾಲು ತಾಸಿನ ಆಮೇಲೂ ಬಿದಾಯಿ ಬಿದಾಯಿಯಂತೆಯೇ ಕೇಳುತ್ತಿತ್ತು. ಅಂಚು ತುಟಿಗೆ ಕೊರೆಯುತ್ತಿರಲಿಲ್ಲ ಎಂದರು. ಅದನ್ನೇ ಇಟ್ಟುಕೊಂಡರು.

ಮೇಲಿನ ಸ್ವರಕ್ಕೆ ನನ್ನದೊಂದು ಸಲಹೆ ಇತ್ತು: ಹಾಡನ್ನೇ ಒಂದು ಸ್ವರ ಕೆಳಗಿಳಿಸಿ. ಗಾಡಿಯ ಮೇಲಿನ ಕೀಬೋರ್ಡಿನವನಿಗೆ ಒಂದು ಗುಂಡಿ ಒತ್ತುವ ಕೆಲಸ. ಊದುವವರೆಲ್ಲ ಮಾತ್ರ ಬೆರಳು ಹೊಸದಾಗಿ ಕಲಿಯಬೇಕು. ಮಾಸ್ತರು ಮೊದಲು ಗೊಣಗಿದರು. ಉತ್ತರಾಯಣಕ್ಕೆ ಐದು ದಿನ ಇರುವಾಗ ಎಲ್ಲರನ್ನೂ ಕರೆದು ಮೂರು ಹಾಡು ಇಳಿಸಿದರು. ನಾಲ್ಕನೆಯದಕ್ಕೆ ಒಪ್ಪಲಿಲ್ಲ. ಅದನ್ನು ಈಗ ಮೆರವಣಿಗೆಯ ಶುರುವಿನಲ್ಲೇ, ತುಟಿ ಹೊಸದಾಗಿರುವಾಗ, ನುಡಿಸಿ ಮುಗಿಸುತ್ತಾರೆ.