ಬಂಡೀಪುರದ ಹಾದಿ

ಪುಟ್ಟೇನಹಳ್ಳಿಯಿಂದ ಬಂಡೀಪುರ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಬಗೆಯನ್ನು ವಿದ್ಯಾರ್ಥಿಗಳು ಕೇಳುವುದುಂಟು. ರೈಲಿನಲ್ಲಿ ಮೈಸೂರು ಸೇರಿ, ನಂಜನಗೂಡು, ಗುಂಡ್ಲುಪೇಟೆಗಳ ಮೂಲಕ ಊಟಿಗೆ ಸಾಗುವ ಬಸ್ಸು ಹಿಡಿಯುವುದೇ ನನಗೆ ಪ್ರಿಯವಾದ ಮಾರ್ಗ. ಸ್ವಂತ ಕಾರಿನಲ್ಲಿ ಬಂದರೂ ಸಫಾರಿಯ ಹಾದಿಯಲ್ಲಿ ಅದಕ್ಕೆ ಪ್ರವೇಶವಿಲ್ಲ.

ಆದರೆ ವಾಹನಕ್ಕಿಂತ ವೇಳೆ ಮುಖ್ಯ. 2009ರಿಂದ ಈ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷಿದ್ಧ. ಕೆಲವೇ ಬಸ್ಸುಗಳಿಗೂ ತುರ್ತು ವಾಹನಗಳಿಗೂ ವಿನಾಯಿತಿ. ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದ ವನ್ಯಜೀವಿಗಳ ಸಲುವಾಗಿ ಬಂದ ನಿಯಮವಿದು. ಇದನ್ನು ಸಡಿಲಿಸಬೇಕೆಂಬ ಒತ್ತಾಯ ವಯನಾಡಿನ ಕಡೆಯಿಂದ ಮತ್ತೆ ಮತ್ತೆ ಕೇಳಿಬಂದಿದೆ. ಅಲ್ಲಿಯವರ ಅಗತ್ಯವೂ ಸುಳ್ಳಲ್ಲ. ಆದರೂ ದಿನದ 15 ಗಂಟೆ ನಮಗೆ, 9 ಗಂಟೆ ಮೃಗಗಳಿಗೆ ಎಂಬ ಈ ಹಂಚಿಕೆಯಲ್ಲಿ ದೊಡ್ಡ ಪಾಲು ನಮಗೇ ದಕ್ಕಿದೆ. ಉಳಿದುದನ್ನೂ ಬೇಡುವುದು ನ್ಯಾಯವೆನಿಸದು.