ಬೇಟೆನಾಯಿಯ ಪಥ್ಯ

ಉಣಿಸುವವರಲ್ಲಿ ಪ್ರೀತಿಯಿದ್ದರೆ ಸಾಲದು, ಅಳತೆಯೂ ಇರಬೇಕು ಎಂಬ ಮಾತನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದವರು. ಆದರೆ ಅದರ ಅರ್ಥವು ನಮಗೆ ಮನದಟ್ಟಾದುದು ಅರುವತ್ತೆಂಟನೆಯ ವಯಸ್ಸಿನಲ್ಲಿ. ಅದೂ ಸಮುದ್ರದಾಚೆಯ ಒಂದು ಹಳ್ಳಿಯಲ್ಲಿ, ಒಂದು ನಾಯಿಯ ಮೂಲಕ. ನಾಯಿಯೊಂದನ್ನು ಗುರುವಾಗಿ ಪಡೆದುದಕ್ಕೆ ನಮಗೆ ನಾಚಿಕೆಯಿಲ್ಲ. ಆ ಗುರುವಿಗೆ ನಾವು ಸಲ್ಲಿಸಿದ ದಕ್ಷಿಣೆಯನ್ನು ನೆನೆದಾಗ ಮಾತ್ರ ತಲೆ ತಗ್ಗುತ್ತದೆ.

2022 ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ನಾವು ನಮ್ಮ ಮನೆಯವರೊಡನೆ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿರುವ ಮಗನ ಮನೆಗೆ ಹೋದೆವು. ಆರು ತಿಂಗಳಿಗೆ ಕೆಲವು ದಿನ ಕಡಿಮೆಯಾಗಿ ಅಲ್ಲಿ ನಿಂತೆವು. ನಮ್ಮ ಸೊಸೆ ಆ ಸೀಮೆಯ ಒಕ್ಕಲು ಮನೆತನದ ಹೆಣ್ಣುಮಗಳು. ತವರಿನಿಂದ ಬರುವಾಗ ಅವಳು ತಂದುಕೊಂಡ ಬಳುವಳಿಯೆಂದರೆ ಮೆಗ್ ಎಂಬ ಒಂದು ಕರಿಯ ಲ್ಯಾಬ್ರಡಾರ್ ನಾಯಿ. ನಮ್ಮ ಮನೆಯವರು ಅದನ್ನು ಮೇಘಿ ಎಂದು ಕರೆದರು. ಆ ಹೆಸರಿಗೂ ಅದು ಬಾಲವಾಡಿಸಿತು.

ಮೆಗ್ ಬರಿಯ ಮುದ್ದಿನ ನಾಯಿಯಲ್ಲ, ದುಡಿಯುವ ನಾಯಿ. ಇದರ ಪೂರ್ವಿಕರು ಉತ್ತರ ಅಮೆರಿಕದ ನ್ಯೂಫೌಂಡ್‌ಲೆಂಡ್ ತೀರದಲ್ಲಿ ಬೆಸ್ತರಿಗೆ ನೆರವಾಗುತ್ತಿದ್ದ ನಾಯಿಗಳು. ಬ್ರಿಟನ್ನಿನ ಕೆನಲ್ ಕ್ಲಬ್ ಈ ತಳಿಗೆ ಮನ್ನಣೆ ಕೊಟ್ಟುದು 1903 ರಲ್ಲಿ. ಆ ದೇಶದಲ್ಲಿ ಆಗಸ್ಟ್ 12 ರಿಂದ ಗ್ರೌಸ್ ಹಕ್ಕಿಯ ಬೇಟೆಯೂ, ಅಕ್ಟೋಬರ್ 1 ರಿಂದ ಫೆಬ್ರವರಿ 1 ರ ವರೆಗೆ ಫೆಸೆಂಟ್ ಎಂಬ ಉದ್ದಬಾಲದ ಹಕ್ಕಿಯ ಬೇಟೆಯೂ ನಡೆಯುತ್ತವೆ. ಕೊಲ್ಲುವುದು ಈ ನಾಯಿಯ ಕೆಲಸವಲ್ಲ. ಗುಂಡು ತಗುಲಿ ಪೊದೆಯಲ್ಲೋ ಹಳ್ಳದಲ್ಲೋ ಬಿದ್ದ ಹಕ್ಕಿಯನ್ನು ಮೂಗಿನಿಂದ ಹುಡುಕಿ, ಹಲ್ಲು ನಾಟದಂತೆ ಮೆದುವಾಗಿ ಬಾಯಲ್ಲಿ ಹಿಡಿದು ತಂದೊಪ್ಪಿಸುವುದು ಅದರ ಕೆಲಸ. ಗಾಯಗೊಂಡ ಹಕ್ಕಿಯು ನರಳುತ್ತ ಬಿದ್ದಿರದಂತೆ ನೋಡಿಕೊಳ್ಳುವುದೂ ಇದರಿಂದಲೇ. ನಮ್ಮ ದೇಶದಲ್ಲಿ 1972 ರ ವನ್ಯಜೀವಿ ಕಾಯಿದೆಯು ಬೇಟೆಯನ್ನು ನಿಲ್ಲಿಸಿರುವುದರಿಂದ ಇಂತಹ ನಾಯಿಯ ದುಡಿಮೆಯನ್ನು ನಾವು ಅದುವರೆಗೆ ಕಂಡಿರಲಿಲ್ಲ. ಬೇಟೆಯು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ; ನಾಯಿಯ ಹೊಟ್ಟೆಯ ಮಾತಷ್ಟೇ ಇಲ್ಲಿಯದು.

ಮಗನೂ ಸೊಸೆಯೂ ಹಗಲೆಲ್ಲ ಕೆಲಸಕ್ಕೆ ಹೋಗುವವರಾದುದರಿಂದ ಮೆಗ್ಗಿನ ಸಂಜೆಯ ಊಟವು ನಮ್ಮ ಪಾಲಿಗೆ ಬಂದಿತು. ಸೊಸೆ ಒಂದು ಅಳತೆಯ ಬಟ್ಟಲನ್ನು ನಮ್ಮ ಕೈಗಿತ್ತು, “ಅಪ್ಪಾ, ಇಷ್ಟೇ,” ಎಂದಳು. ಅವಳು ಕಲಿತಿದ್ದ ಕನ್ನಡದ ಕೆಲವೇ ಮಾತುಗಳಲ್ಲಿ ‘ಇಷ್ಟೇ’ ಎಂಬುದೂ ಒಂದು. ಊಟವೆಂದರೆ ಮೂಟೆಯಲ್ಲಿ ಬರುವ, ಕಂದುಬಣ್ಣದ ಒಣ ಉಂಡೆಕಾಳು. ದುಡಿಯುವ ನಾಯಿಗೆಂದೇ ಮಾಡಿದ ಈ ಆಹಾರಕ್ಕೆ ಆ ದೇಶದಲ್ಲಿ ಮಾರಾಟ ತೆರಿಗೆಯಿಲ್ಲ. ಮುದ್ದಿನ ನಾಯಿಯ ಆಹಾರಕ್ಕಾದರೋ ನೂರಕ್ಕೆ 20 ರಂತೆ ತೆರಿಗೆಯುಂಟು. ದುಡಿಯುವ ಹೊಟ್ಟೆ ಬೇರೆ, ಕುಳಿತು ಉಣ್ಣುವ ಹೊಟ್ಟೆ ಬೇರೆ ಎಂಬ ಭೇದವನ್ನು ತೆರಿಗೆಯವರೂ ಬಲ್ಲರು. ನಾವು ಅದನ್ನು ಅರಿಯಲಿಲ್ಲ.

ಮಲೆನಾಡಿನ ನಮ್ಮ ಹುಟ್ಟಿದ ಮನೆಯಲ್ಲಿ ನಾಯಿಗೆ ಮಧ್ಯಾಹ್ನ ಅನ್ನ ಮಜ್ಜಿಗೆ, ರಾತ್ರಿ ಉಳಿದುದೆಲ್ಲ. ಆ ನಾಯಿ ಹದಿನಾಲ್ಕು ವರ್ಷ ಬಾಳಿತು. ಅದನ್ನು ನೆನೆದು ಮೆಗ್ಗಿನ ತಟ್ಟೆಯನ್ನು ನೋಡಿದರೆ ಕರುಳು ಕಿವುಚಿದಂತಾಗುತ್ತಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಕಲ್ಲಿನಂತಹ ಕಾಳು! ಮೊದಲು ಮೊಸರನ್ನದ ಒಂದು ತುತ್ತು. ಬಳಿಕ ತುಪ್ಪ ಸವರಿದ ಚಪಾತಿ. ಆಮೇಲೆ ದೋಸೆಯ ಅಂಚು. ಒಂದು ತಿಂಗಳು ಕಳೆಯುವುದರೊಳಗಾಗಿ ನಾವು ಮೂರು ಹೊತ್ತು ಉಂಡರೆ ಅದೂ ಮೂರು ಹೊತ್ತು ಉಣ್ಣುತ್ತಿತ್ತು. “ಸೊಸೆಗೆ ತಿಳಿಸಿಯಾದರೂ ಕೊಡಿ,” ಎಂದು ನಮ್ಮ ಮನೆಯವರು ಎಚ್ಚರಿಸಿದರು. ತಿಳಿಸಿದರೆ ಬೇಡವೆನ್ನುವಳು ಎಂಬುದು ನಮಗೆ ಗೊತ್ತಿದ್ದಿತು, ಆದುದರಿಂದಲೇ ತಿಳಿಸಲಿಲ್ಲ.

ಆ ನಾಯಿಯ ಕಣ್ಣನ್ನು ಕಂಡವರು ನಮ್ಮನ್ನು ಕ್ಷಮಿಸಿಯಾರು. ಮೂರು ದಿನದಿಂದ ಅನ್ನ ಕಾಣದ ಭಿಕ್ಷುಕನ ನೋಟ ಅದಕ್ಕೆ ಊಟವಾದ ಮರುನಿಮಿಷದಲ್ಲಿಯೇ ಬರುತ್ತಿತ್ತು. ಈ ತಳಿಯಲ್ಲಿ ಸುಮಾರು ನಾಲ್ಕರಲ್ಲೊಂದು ನಾಯಿಗೆ, ಹಸಿವನ್ನು ಅಡಗಿಸುವ ಒಂದು ವಂಶವಾಹಿಯಲ್ಲಿ ಹುಟ್ಟಿನಿಂದಲೇ ಲೋಪವಿರುವುದೆಂದು 2016 ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಅಂತಹ ನಾಯಿಗೆ ಹೊಟ್ಟೆ ತುಂಬಿತೆಂಬ ಅರಿವು ಸರಿಯಾಗಿ ಮೂಡುವುದಿಲ್ಲ. ಅದರ ಬೇಡಿಕೆಯನ್ನೇ ಹಸಿವಿನ ಅಳತೆಯೆಂದು ನಂಬಿದವರು ಕೆಟ್ಟಂತೆಯೇ. ಇದು ನಮಗೆ ತಿಳಿದುದು ತಡವಾಗಿ.

ಅಕ್ಟೋಬರ್ ಮೊದಲ ವಾರದಲ್ಲಿ ಸೊಸೆ ಮೆಗ್ಗನ್ನು ತೂಗಿದಳು. ಜೂನಿನಲ್ಲಿ 26 ಕಿಲೋ ಇದ್ದುದು 30 ಆಗಿದ್ದಿತು. ಅವಳ ಮುಖ ಬಾಡಿತು. ಕತ್ತಿನ ಥೈರಾಯ್ಡ್ ಗ್ರಂಥಿಯ ದೋಷವಿದ್ದರೆ ಹೀಗೆ ಮೈಬರುವುದುಂಟೆಂದು ಮರುದಿನವೇ ವೈದ್ಯರ ಬಳಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿದಳು. ಅದಕ್ಕೆ ತಗುಲಿದ ಹಣವನ್ನು ಮಗ ಹೇಳಲಿಲ್ಲ, ನಾವು ಕೇಳಲಿಲ್ಲ. ದೋಷವೇನೂ ಇಲ್ಲವೆಂದು ಉತ್ತರ ಬಂದಿತು. ಸೊಸೆ ನೆಮ್ಮದಿಯ ಉಸಿರು ಬಿಟ್ಟಳು. ನಾವು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡೆವು. ಆಗಲೇ ಬಾಯಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಅದರ ಬದಲು ನಾವು ಗುಟ್ಟಾಗಿ ಪ್ರಾಯಶ್ಚಿತ್ತಕ್ಕೆ ತೊಡಗಿದೆವು. ಲಂಘನವೇ ಪರಮೌಷಧವಲ್ಲವೆ? ನಮ್ಮ ತಟ್ಟೆಯ ತುತ್ತನ್ನು ನಿಲ್ಲಿಸಿದುದಲ್ಲದೆ, ಸೊಸೆಯ ಬಟ್ಟಲಿನ ಅಳತೆಯನ್ನೂ ಅರ್ಧಕ್ಕೆ ಇಳಿಸಿದೆವು. ತಪ್ಪು ಮಾಡಿದವರು ನಾವು, ಉಪವಾಸ ನಾಯಿಗೆ! ತೂಕವೇನೋ ಇಳಿಯಿತು. ಸೊಸೆ ಸಂತೋಷಪಟ್ಟಳು. ಆ ಸಂತೋಷವನ್ನು ನಾವು ಪ್ರಶಸ್ತಿಯಂತೆ ಸ್ವೀಕರಿಸಿದೆವು.

ನವೆಂಬರಿನ ಒಂದು ಶನಿವಾರ ಸೊಸೆ ಮೆಗ್ಗಿನೊಡನೆ ಫೆಸೆಂಟ್ ಬೇಟೆಗೆ ಹೊರಟಾಗ ನಾವೂ ನೋಡಲು ಹೋದೆವು. ಚಳಿಗಾಳಿ, ತುಂತುರು ಮಳೆ. ಕೊಡೆಯೂರಿಕೊಂಡು ಇಳಿಜಾರಿನ ಬುಡದಲ್ಲಿ ನಿಂತೆವು. ಬೆಳಗ್ಗೆಯಿಂದ ಮೆಗ್ ಓಡಿದ ಓಟವನ್ನು ಏನೆಂದು ಹೇಳೋಣ! ಕಲ್ಲಿನ ಗೋಡೆಯನ್ನು ಹಾರಿ, ಕೊರೆಯುವ ಹಳ್ಳವನ್ನು ಈಜಿ, ಮುಳ್ಳಿನಲ್ಲಿ ನುಗ್ಗಿ, ಹಕ್ಕಿಯನ್ನು ತಂದು ಒಡತಿಯ ಕೈಗಿಟ್ಟು ಮತ್ತೆ ಓಡುವುದು. ಮೂರು ಗಂಟೆಯ ಹೊತ್ತಿಗೆ ಬಾಯಲ್ಲಿ ಹಕ್ಕಿಯನ್ನು ಹಿಡಿದು ಇಳಿಜಾರಿನಲ್ಲಿ ಬರುತ್ತಿದ್ದ ನಾಯಿ ತಟ್ಟನೆ ನಿಂತಿತು. ಹಿಂಗಾಲುಗಳು ನಡುಗಿದವು. ಕುಡಿದವರಂತೆ ನಾಲ್ಕು ಹೆಜ್ಜೆ ತೂರಾಡಿ, ಮಗ್ಗುಲಾಗಿ ಉರುಳಿತು. ಬಿದ್ದರೂ ಬಾಯಲ್ಲಿದ್ದ ಹಕ್ಕಿಯನ್ನು ಬಿಟ್ಟಿರಲಿಲ್ಲ.

ಸೊಸೆ ಓಡಿದಳು. ಆ ಬೇಟೆನೆಲದ ಮುದಿ ಕಾವಲುಗಾರನು ತನ್ನ ಚೀಲದಿಂದ ಜೇನಿನ ಸೀಸೆಯನ್ನು ತೆಗೆದು, ಗಂಟಲಿಗೆ ಸುರಿಯದೆ, ಬೆರಳಿನಿಂದ ಅದರ ವಸಡಿಗೆ ಸವರಿದನು. ಹತ್ತು ನಿಮಿಷದ ಮೇಲೆ ಮೆಗ್ ಕಣ್ಣು ತಿರುಗಿಸಿ ನೋಡಿತು. ಕೋಟಿನಲ್ಲಿ ಸುತ್ತಿ ಗಾಡಿಗೆ ಸಾಗಿಸಿ ವೈದ್ಯರ ಬಳಿಗೆ ಕೊಂಡೊಯ್ದೆವು. ರಕ್ತದಲ್ಲಿ ಸಕ್ಕರೆ ಬಹಳ ಇಳಿದುಹೋಗಿದೆಯೆಂದು ಕಂಡುಬಂದಿತು. ವೈದ್ಯೆಯು ಸೊಸೆಯ ಕಡೆ ತಿರುಗಿ, ನಿನ್ನೆ ಸಂಜೆ ಇದು ಏನು ತಿಂದಿತು ಎಂದು ಕೇಳಿದಳು. ಸೊಸೆ ಬಟ್ಟಲಿನ ಅಳತೆಯನ್ನು ನಿಸ್ಸಂಶಯವಾಗಿ ಹೇಳಿದಳು. ಅವಳು ನಮ್ಮನ್ನು ಅಷ್ಟು ನಂಬಿದ್ದಳು.

ಆಗ ನಾವು ಎಲ್ಲವನ್ನೂ ಹೇಳಿದೆವು. ಮೊಸರನ್ನ, ಚಪಾತಿ, ದೋಸೆ, ಅರ್ಧ ಬಟ್ಟಲು. ರಕ್ತಪರೀಕ್ಷೆಯ ದಿನದ ಮೌನವನ್ನೂ ಬಿಡಲಿಲ್ಲ. “ತಪ್ಪಾಯಿತು, ತಾಯಿ,” ಎಂದೆವು. ಸೊಸೆ ನಮ್ಮನ್ನು ನೋಡಲಿಲ್ಲ. ಮೆಗ್ಗಿನ ಕಿವಿಯನ್ನು ಸವರುತ್ತ ನಿಂತಿದ್ದಳು. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ.

ಆ ಸಂಜೆ ವೈದ್ಯೆಯಿಂದಲೂ ಮುಂದೆ ಆ ಕಾವಲುಗಾರನಿಂದಲೂ ಕಲಿತುದನ್ನು, ನಾಯಿ ಸಾಕುವ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ಅನ್ನವು ನಾಯಿಗೆ ವಿಷವಲ್ಲ. ಮನುಷ್ಯನ ಸಂಗಡ ಸಾವಿರಾರು ವರ್ಷ ಬಾಳಿದ ನಾಯಿಯು, ತೋಳಕ್ಕಿಂತ ಹೆಚ್ಚಾಗಿ ಪಿಷ್ಟವನ್ನು ಜೀರ್ಣಿಸುವ ಶಕ್ತಿಯನ್ನು ಪಡೆದಿದೆಯೆಂದು 2013 ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಆದರೆ ದಿನವೆಲ್ಲ ಓಡುವ ನಾಯಿಗೆ ಮುಖ್ಯವಾದ ಸೌದೆಯೆಂದರೆ ಕೊಬ್ಬು. ಒಂದು ಗ್ರಾಂ ಕೊಬ್ಬಿನಲ್ಲಿ ಒಂದು ಗ್ರಾಂ ಪಿಷ್ಟದ ಎರಡರಷ್ಟಕ್ಕೂ ಮೀರಿದ ಶಕ್ತಿಯುಂಟು. ನಾಯಿಯ ದೇಹವು ಅದನ್ನು ನಿಧಾನವಾಗಿ, ಬಹುಕಾಲ ಉರಿಸಬಲ್ಲದು. ಸವೆದ ಸ್ನಾಯುವನ್ನು ಕಟ್ಟಲು ಮಾಂಸ, ಮೊಟ್ಟೆಗಳ ಸಾರ ಬೇಕು. ಸಸ್ಯಾಹಾರಿಗಳಾದ ನಮಗೆ ಇದು ಹಿಡಿಸದ ಮಾತು. ಆದರೆ ವ್ರತ ನಮ್ಮದು, ನಾಯಿಯದಲ್ಲ.

ಅಳತೆಯು ದಿನದಿಂದ ದಿನಕ್ಕೆ ಒಂದೇ ಆಗಿರಬಾರದು. ಮೆಗ್ಗಿಗೆ ಬಿಡುವಿನ ದಿನ 300 ಗ್ರಾಂ ಒಣ ಆಹಾರವಾದರೆ, ಬೇಟೆಯ ದಿನಗಳಲ್ಲಿ 450 ಗ್ರಾಂ ಎಂದು ಗೊತ್ತುಮಾಡಿದರು. ಬೇಟೆಯ ಕಾಲ ಮುಗಿದೊಡನೆ ಅದನ್ನು ಇಳಿಸಲೂಬೇಕು.

ಹೊತ್ತು ಇನ್ನೂ ಮುಖ್ಯ. ದೊಡ್ಡ ಊಟವು ಹಿಂದಿನ ಸಂಜೆಗೆ. ಬೆಳಗ್ಗೆ ಕೊಡುವುದಾದರೆ ಕೆಲಸಕ್ಕೆ ಮೂರು ನಾಲ್ಕು ಗಂಟೆ ಮೊದಲು, ಅದೂ ಕೊಂಚವೇ. ತುಂಬಿದ ಹೊಟ್ಟೆಯಲ್ಲಿ ಓಡಿದರೆ ಜಠರವು ಉಬ್ಬಿ ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುವುದುಂಟು. ಮಧ್ಯಾಹ್ನ ಬಿಡುವಿನಲ್ಲಿ ಸಣ್ಣ ತುತ್ತು; ಆಗಾಗ್ಗೆ ಸ್ವಲ್ಪ ಸ್ವಲ್ಪವಾಗಿ ನೀರು. ಕೆಲಸ ಮುಗಿದ ಮೇಲೆ ಏದುಸಿರು ಇಳಿದು, ಒಂದು ಗಂಟೆ ಕಳೆದ ಬಳಿಕವೇ ಊಟ.

ನಾಯಿಯ ಮೈ ಹದವಾಗಿದೆಯೇ ಎಂದು ತಿಳಿಯಲು ತಕ್ಕಡಿಯೂ ಬೇಡವೆಂದು ಕಾವಲುಗಾರನು ತೋರಿಸಿಕೊಟ್ಟನು. ಮೊದಲು ನಿಮ್ಮ ಮುಷ್ಟಿಯ ಗೆಣ್ಣುಗಳ ಮೇಲೆ ಬೆರಳಾಡಿಸಿರಿ. ನಾಯಿಯ ಪಕ್ಕೆಲುಬು ಹಾಗೆ ತಗುಲಿದರೆ ಅದು ಬಡಕಲು. ಅಂಗೈಯ ಮೆತ್ತೆಯಂತೆ ತಗುಲಿದರೆ ಕೊಬ್ಬಿದೆ. ಚಾಚಿದ ಕೈಯ ಹಿಂಬದಿಯಂತೆ, ಮೂಳೆ ಕೈಗೆ ಸಿಕ್ಕಿಯೂ ಕಣ್ಣಿಗೆ ಕಾಣದಂತಿದ್ದರೆ ಸರಿಯಾದ ಹದ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಉಣಿಸಿ, ಜೀವಮಾನವಿಡೀ ಗಮನಿಸಿದ ಒಂದು ಪರೀಕ್ಷೆಯ ಫಲವು 2002 ರಲ್ಲಿ ಪ್ರಕಟವಾಯಿತು. ಮಿತವಾಗಿ ಉಂಡವು ಸುಮಾರು 2 ವರ್ಷ ಹೆಚ್ಚು ಬಾಳಿದುವು. ನಮ್ಮ ಮೊಸರನ್ನದ ತುತ್ತುಗಳು ಮೆಗ್ಗಿನ ಆಯುಸ್ಸಿನಿಂದಲೇ ಕಡಿಯುತ್ತಿದ್ದುವೆಂದು ಆಗ ತಿಳಿಯಿತು.

ಇನ್ನು ಸುತರಾಂ ಕೊಡಬಾರದವು: ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ಬೇಯಿಸಿದ ಮೂಳೆ. ದ್ರಾಕ್ಷಿಯಿಂದ ಮೂತ್ರಪಿಂಡಗಳು ಕೆಡಬಹುದು. ಈರುಳ್ಳಿಯು ರಕ್ತಕಣಗಳನ್ನು ಒಡೆಯುತ್ತದೆ. ಬೆಂದ ಮೂಳೆಯು ಸೀಳಿ ಕರುಳಿಗೆ ಚುಚ್ಚುತ್ತದೆ. ಈ ಪಟ್ಟಿಯನ್ನು ಕೇಳಿದಾಗ ನಮ್ಮ ಮನೆಯವರು ನಮ್ಮ ಮುಖವನ್ನು ನೋಡಿದರು. ಗೌರಿಯ ಹಬ್ಬದ ದಿನ ನಾವು ಮೆಗ್ಗಿಗೆ ಒಂದು ಬಟ್ಟಲು ಪಾಯಸವನ್ನು ಕೊಟ್ಟಿದ್ದೆವು. ಅಂದು ಡಬ್ಬಿಯಲ್ಲಿ ದ್ರಾಕ್ಷಿ ಮುಗಿದಿದ್ದುದರಿಂದ ಗೋಡಂಬಿಯನ್ನಷ್ಟೇ ಹಾಕಿದ್ದರು. ಹಬ್ಬಕ್ಕೆ ದ್ರಾಕ್ಷಿಯಿಲ್ಲದ ಪಾಯಸವೇ ಎಂದು ಗೊಣಗಿದ್ದವರೂ ನಾವೇ.

ಮರುದಿನ ಸಂಜೆ ನಾವು ಮೆಗ್ಗಿನ ತಟ್ಟೆಯ ಹತ್ತಿರ ಸುಳಿಯಲಿಲ್ಲ. ಆ ಅಧಿಕಾರವು ನಮ್ಮಿಂದ ತಪ್ಪಿತೆಂದೇ ತಿಳಿದಿದ್ದೆವು. ಸೊಸೆ ಅಡುಗೆಮನೆಯ ಗೋಡೆಗೆ ಒಂದು ಕಾಗದವನ್ನು ಅಂಟಿಸಿದಳು. ಅದರಲ್ಲಿ ವಾರದ ಏಳು ದಿನಗಳು, ಒಂದೊಂದರ ಮುಂದೆ ಗ್ರಾಂ ಲೆಕ್ಕ. ಬಳಿಕ ಬಟ್ಟಲನ್ನು ತೆಗೆದು ಮತ್ತೆ ನಮ್ಮ ಕೈಗೇ ಕೊಟ್ಟಳು. “ಅಪ್ಪಾ, ಇಷ್ಟೇ,” ಎಂದಳು. ಅಷ್ಟು ಹೇಳಿ ನಕ್ಕಳು. ನಮಗೆ ಕಣ್ಣು ಮಂಜಾಯಿತು. ಮೊದಲ ದಿನ ಕಾಳನ್ನು ಎರಡೆರಡು ಸಲ ತೂಗಿದೆವು.

ಡಿಸೆಂಬರಿನಲ್ಲಿ ನಾವು ಹೊರಡುವ ವಾರ ಮೆಗ್ ಮತ್ತೆ ಆ ಇಳಿಜಾರಿನಲ್ಲಿ ದಿನವಿಡೀ ಓಡಿತು. ಸಂಜೆ ಮನೆಗೆ ಬಂದು, ಕೆಸರೊಣಗಿಸಿಕೊಂಡು, ಒಂದು ಗಂಟೆ ಕಾದು, ತನ್ನ ಪಾಲನ್ನು ಉಂಡು, ನಮ್ಮ ಕಡೆ ಆ ಹಳೆಯ ಭಿಕ್ಷುಕನ ನೋಟವನ್ನು ಬೀರಿತು. ನಾವು ತಲೆಯನ್ನು ಸವರಿ ಎದ್ದುಹೋದೆವು. ಅಷ್ಟು ಕಷ್ಟದ ಕೆಲಸವನ್ನು ನಾವು ಆ ಆರು ತಿಂಗಳಲ್ಲಿ ಮತ್ತೊಂದು ಮಾಡಲಿಲ್ಲ.

ಈಗ ಮೈಸೂರಿನ ನಮ್ಮ ಬೀದಿಯಲ್ಲಿ ಒಂದು ಕಂದು ನಾಯಿಯುಂಟು. ಊರಿಗೆ ಹಿಂದಿರುಗಿದ ಮೊದಲ ದಿನ ಅದರ ಪಕ್ಕೆಯ ಮೇಲೆ ಕೈಯಾಡಿಸಿದೆವು. ಮುಷ್ಟಿಯ ಗೆಣ್ಣುಗಳಂತೆ ಒಂದೊಂದು ಎಲುಬೂ ಕೈಗೆ ಸಿಕ್ಕಿತು. ಇದಕ್ಕೆ ಲಂಘನದ ಅಗತ್ಯವಿಲ್ಲ. ಅಂದಿನಿಂದ ಅದಕ್ಕೆ ದಿನವೂ ಅನ್ನದೊಡನೆ ಒಂದು ಬೆಂದ ಮೊಟ್ಟೆಯನ್ನು ಕಲಸಿಡುತ್ತೇವೆ. ನಮ್ಮ ಮನೆಯವರು ಮೊಟ್ಟೆಗೆಂದು ಹಿತ್ತಿಲಲ್ಲಿ ಬೇರೆ ಪಾತ್ರೆಯನ್ನಿಟ್ಟಿದ್ದಾರೆ. ಎಷ್ಟು ಕೊಡುತ್ತೇವೆಂಬುದನ್ನು ಅವರಿಗೆ ತಿಳಿಸಿಯೇ ಕೊಡುತ್ತೇವೆ.